ದನದ ಡಾಕ್ಟ್ರು ಬಾಸಿಂಗ ಕಟ್ಟಿದ್ದು

ನಮ್ಮ ಮನೆಯಲ್ಲಿ ನನ್ನ ಅಂಗಿಗಳಿಗೆ ಯಾವತ್ತೂ ಮರ್ಯಾದೆ ಸಿಕ್ಕಿದ್ದಿಲ್ಲ. ಇಪ್ಪತ್ತೈದು ವರ್ಷ ಅವು ಸಗಣಿ ಮತ್ತು ಫಿನಾಯಿಲಿನ ವಾಸನೆ ಹೊತ್ತುಕೊಂಡು ಬರುತ್ತಿದ್ದವು. ನನ್ನ ಹೆಂಡತಿ ಗಿರಿಜಾ ಅವನ್ನು ಎರಡೇ ಬೆರಳಲ್ಲಿ ಎತ್ತಿ, ಹಿತ್ತಲಲ್ಲಿ ಅದಕ್ಕೆಂದೇ ಇಟ್ಟ ಬೇರೆ ಬಕೆಟ್ಟಿಗೆ ಹಾಕುತ್ತಿದ್ದಳು. ಈಗೊಂದೆರಡು ವರ್ಷದಿಂದ ವಾಸನೆಯ ಜೊತೆಗೆ ಬಿಳಿ ಪುಡಿಯೂ ಸೇರಿಕೊಂಡಿದೆ. ಮೊನ್ನೆ ಅಂಗಿ ಕೊಡವಿ, ತಲೆತುಂಬ ಪುಡಿ ಬೀಳಿಸಿಕೊಂಡು ಹೇಳಿದಳು: "ಮೊದಲು ಕೊಟ್ಟಿಗೆಯಿಂದ ಬಂದಂಗೆ ಬರ್ತಿದ್ರಿ. ಈಗ ಕೊಟ್ಟಿಗೆಗೆ ಹೋಗಿ, ಹಂಗೇ ಹಿಟ್ಟಿನ ಗಿರಣಿಗೂ ಹೋಗಿ ಬಂದಂಗೆ ಬರ್ತೀರಿ."

ಆ ಪುಡಿ ಹಿಟ್ಟಲ್ಲ, ಬೆಂಡಿನದು. ಕೆರೆಯಂಚಿನ ನೀರಿನಲ್ಲಿ ಬೆಳೆಯುವ ಒಂದು ಗಿಡದ ದಂಟನ್ನು ಒಣಗಿಸಿ, ಮೇಲಿನ ಕಂದು ಸಿಪ್ಪೆ ಹೆರೆದರೆ ಒಳಗೆ ಹಾಲಿನಷ್ಟು ಬೆಳ್ಳಗಿನ, ಹತ್ತಿಯಷ್ಟು ಹಗುರದ ಬೆಂಡು ಸಿಗುತ್ತದೆ. ಮದುವೆಯಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗದ ಹೂಗಳು ಆಗುವುದು ಅದರಿಂದಲೇ. ನಲವತ್ತೆಂಟನೇ ವಯಸ್ಸಿನವರೆಗೆ ನನಗೂ ಬಾಸಿಂಗಕ್ಕೂ ಇದ್ದ ಸಂಬಂಧ ಒಂದೇ ದಿನದ್ದು. ನನ್ನ ಮದುವೆಯ ದಿನ ಅದು ಎಡಗಣ್ಣಿನ ಮೇಲೆ ಜಾರಿ, ತಾಳಿ ಕಟ್ಟುವಾಗ ನನಗೆ ಅರ್ಧ ಗಿರಿಜಾ ಮಾತ್ರ ಕಾಣುತ್ತಿದ್ದಳು. ಪೂರ್ತಿ ಗಿರಿಜಾ ಹೇಗಿರುತ್ತಾಳೆಂದು ಆಮೇಲೆ ನಿಧಾನವಾಗಿ ಗೊತ್ತಾಯಿತು.

ನಾನು ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕ. ಜನ ದನದ ಡಾಕ್ಟ್ರು ಅನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ಶುರುವಿನಲ್ಲಿ ತಿದ್ದುತ್ತಿದ್ದೆ. ತಿದ್ದಿದಾಗಲೆಲ್ಲ ಎದುರಿನವರ ಮುಖ, ಪಕ್ಕದಲ್ಲಿರುವ ಎಮ್ಮೆಯ ಮುಖ ಎರಡೂ ಬಾಡುವುದನ್ನು ಕಂಡು ಬಿಟ್ಟುಬಿಟ್ಟೆ. ಹುಟ್ಟಿದ್ದು ಶಿಕಾರಿಪುರ ತಾಲೂಕಿನಲ್ಲಿ, ಅಂಜನಾಪುರ ಜಲಾಶಯದ ನೀರು ಹರಿಯುವ ಬಯಲಿನ ಒಂದು ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಭತ್ತ ಕೊಯ್ದಾದ ಗದ್ದೆಗಳಲ್ಲಿ ನಮ್ಮ ಹಿಂಡು ನಿಲ್ಲಿಸುತ್ತಿದ್ದೆವು. ಗೊಬ್ಬರ ಗದ್ದೆಯವರಿಗೆ, ಭತ್ತ ನಮಗೆ. ಕುರಿಗಳ ನಡುವೆ ಕೂತು ಓದಿದ್ದರಿಂದ ನನ್ನ ಪುಸ್ತಕಗಳಿಗೆ ಅಂಚೇ ಇರುತ್ತಿರಲಿಲ್ಲ, ಮರಿಗಳು ತಿಂದಿರುತ್ತಿದ್ದವು. ಗಣಿತಕ್ಕಿಂತ ಇತಿಹಾಸ ಅವಕ್ಕೆ ಹೆಚ್ಚು ರುಚಿಸುತ್ತಿತ್ತು. ನಾನು ಇತಿಹಾಸದಲ್ಲಿ ಹಿಂದೆ ಬಿದ್ದದ್ದಕ್ಕೆ ಈ ಕಾರಣವನ್ನೇ ಮೇಷ್ಟ್ರಿಗೆ ಹೇಳಿ ಏಟು ತಿಂದಿದ್ದೇನೆ.

ಕೈಕೆಲಸದಲ್ಲಂತೂ ನನ್ನ ಹೆಸರು ಕೆಟ್ಟಿತ್ತು. ಚಿತ್ರದ ಪೀರಿಯಡ್ಡಿನಲ್ಲಿ ಒಮ್ಮೆ ಕಮಲ ಬರೆಯಲು ಹೇಳಿದ್ದರು. ನಾನು ನಾಲಗೆ ಕಚ್ಚಿಕೊಂಡು ಬರೆದೆ. ಮೇಷ್ಟ್ರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಎಲೆಕೋಸು ಚೆನ್ನಾಗೈತೆ, ಪಲ್ಯಕ್ಕಾಗ್ತದೆ" ಅಂದರು. ಅವತ್ತಿನಿಂದ ಹೂವಿನ ಸುದ್ದಿಗೆ ಹೋಗಿರಲಿಲ್ಲ.

ನನ್ನನ್ನು ಮತ್ತೆ ಹೂವಿನ ಕಡೆ ತಿರುಗಿಸಿದ್ದು ಕುಪ್ಪಗಡ್ಡೆಯ ಒಂದು ಹಸು. ಆಗ ನಾನು ಸೊರಬಕ್ಕೆ ವರ್ಗವಾಗಿ ಬಂದು ವರ್ಷವಾಗಿತ್ತು. ಹಸುವನ್ನು ಮರದ ಕಟ್ಟಿನೊಳಗೆ ನಿಲ್ಲಿಸಿ, ಗಬ್ಬ ನಿಂತಿದೆಯೋ ಇಲ್ಲವೋ ಎಂದು ಕೈಹಾಕಿ ನೋಡಿದ್ದೆ. ಕೈ ತೊಳೆಯಲು ತಿರುಗುವಾಗ ಬಲಗೈಯನ್ನು ಪಕ್ಕದ ಗಳದ ಮೇಲೆ ಇಟ್ಟೆ. ಅದೇ ಹೊತ್ತಿಗೆ ಹಸು ವಾಲಿತು, ಗಳಕ್ಕೂ ಅದರ ಸೊಂಟಕ್ಕೂ ನಡುವೆ ನನ್ನ ಮಣಿಕಟ್ಟು ಸಿಕ್ಕಿ ಲಟಕ್ ಎಂದಿತು. ಕೇಳಿದವರಿಗೆಲ್ಲ ನಾನು ಹಸು ಒದ್ದಿತು ಎಂದೇ ಹೇಳಿದ್ದೇನೆ, ಅದರಲ್ಲಿ ಒಂದು ಗೌರವವಿದೆ. ನಿಜ ಹೇಳಬೇಕೆಂದರೆ ಅದು ನೊಣ ಓಡಿಸಲು ಸುಮ್ಮನೆ ಪಕ್ಕಕ್ಕೆ ಸರಿಯಿತು, ಅಷ್ಟೇ. ನಾನು ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಕಣ್ಣು ಕತ್ತಲೆ ಬಂದು ನಿಂತಿದ್ದರೆ, ಹಸುವಿನ ಯಜಮಾನರು ಕೇಳಿದರು:

"ಡಾಕ್ಟ್ರೇ, ಗಬ್ಬ ನಿಂತದ್ಯಾ?"

"ನಿಂತದೆ, ಮೂರು ತಿಂಗಳು" ಎಂದು ಹೇಳಿ, ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಆರು ವಾರ ಪ್ಲಾಸ್ಟರು. ಬಿಚ್ಚಿದ ಮೇಲೆ ನೋಡಿದರೆ ಕೈ ನನ್ನದಾಗಿರಲಿಲ್ಲ. ಬೆರಳು ಮಡಿಸಿದರೆ ಅರ್ಧಕ್ಕೆ ನಿಲ್ಲುತ್ತಿದ್ದವು. ಅನ್ನ ಕಲಸಲು ಆಗುತ್ತಿರಲಿಲ್ಲ, ಚಮಚದಲ್ಲಿ ತಿನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಬೆರಳ ತುದಿಯ ಸೂಕ್ಷ್ಮ ಹೋಗಿತ್ತು. ಹಸುವಿನ ಹೊಟ್ಟೆಯೊಳಗೆ ನಿಂಬೆಹಣ್ಣಿನಷ್ಟು ಬೆಳೆದಿರುವ ಜೀವವನ್ನು ಕಣ್ಣಿಲ್ಲದೆ ಗುರುತಿಸುತ್ತಿದ್ದ ಬೆರಳುಗಳು ಅವು. ನನಗೆ ಈ ಜಗತ್ತಿನಲ್ಲಿ ಬರುತ್ತಿದ್ದ ವಿದ್ಯೆ ಅದೊಂದೇ. ಆಸ್ಪತ್ರೆಯಲ್ಲಿ ನನ್ನನ್ನು ಲಸಿಕೆ ರಿಜಿಸ್ಟರ್ ಬರೆಯಲು ಕೂರಿಸಿದರು, ಅದೂ ಎಡಗೈಯಲ್ಲಿ. ಕರೆಯಲು ಬಂದ ರೈತರು ನನ್ನ ಮೇಜು ದಾಟಿ, ಹೊಸದಾಗಿ ಬಂದವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಹೋಗುವಾಗ "ಆರಾಮಾ ಡಾಕ್ಟ್ರೇ?" ಎಂದು ಕೇಳುತ್ತಿದ್ದರು. ಆರಾಮು ಅನ್ನುವ ಶಬ್ದ ನನಗೆ ಅಷ್ಟು ಕಹಿಯಾಗಿ ಯಾವತ್ತೂ ಕೇಳಿಸಿರಲಿಲ್ಲ.

ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ಮೂರು ಹೊತ್ತು ಹಿಸುಕಲು ಹೇಳಿದ್ದರು. ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ಹಿಸುಕುತ್ತಿದ್ದೆ. ಪಕ್ಕದ ಮನೆ ಸುಶೀಲಮ್ಮನವರದು. ಎಪ್ಪತ್ತರ ಹತ್ತಿರದ ಹೆಂಗಸು. ಸೊರಬದಲ್ಲಿ ಗಂಧದ ಕೆತ್ತನೆ, ಬೆಂಡಿನ ಕೆಲಸ ಮಾಡುತ್ತ ಬಂದ ಮನೆತನಗಳಲ್ಲಿ ಅವರದೂ ಒಂದು. ಗಂಡ ತೀರಿಕೊಂಡ ಮೇಲೆ ಜಗಲಿಯಲ್ಲಿ ಒಬ್ಬರೇ ಕೂತು ಬಾಸಿಂಗ ಕಟ್ಟುತ್ತಿದ್ದರು. ಒಂದು ವಾರ ನನ್ನನ್ನು ನೋಡಿದರು. ಎಂಟನೇ ದಿನ ಅಲ್ಲಿಂದಲೇ ಕೂಗಿದರು:

"ಎಂತ ಡಾಕ್ಟ್ರೇ, ದಿನಾ ಆ ಚೆಂಡು ಹಿಂಡ್ತಾ ಕೂರ್ತೀರಲ್ಲ, ಹಾಲೇನಾದ್ರೂ ಬರ್ತದಾ?"

"ಬೆರಳಿಗೆ ಕಸರತ್ತಮ್ಮ."

"ಸುಮ್ನೆ ಹಿಂಡಿದ್ರೆ ಬೆರಳಿಗೂ ಬೇಜಾರಾಗ್ತದೆ. ಇಲ್ಲಿ ಬನ್ನಿ, ಬೆಂಡು ಕೊಯ್ರಿ. ಮೆತ್ತಗಿರ್ತದೆ. ಕೈಗೂ ಕೆಲಸ, ನನಗೂ ಒಂದು ಆಳು."

ಹೋದೆ. ಹೋದದ್ದು ಕೈಗಾಗಿ ಅಂತಲೂ ಹೇಳಲಾರೆ. ಆ ಮನೆಯಲ್ಲಿ ಯಾರೂ ನನ್ನನ್ನು ಆರಾಮಾ ಎಂದು ಕೇಳಲಿಲ್ಲ, ಅದಕ್ಕೇ ಹೋದೆ.

ಬೆಂಡಿನ ಕೋಲನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು, ಎಡಗೈಯಲ್ಲಿ ಉರುಳಿಸುತ್ತ, ಬಲಗೈಯ ಕತ್ತಿಯಿಂದ ಕಾಗದದಂಥ ಹಾಳೆ ಬಿಡಿಸಬೇಕು. ಸುಶೀಲಮ್ಮ ಬಿಡಿಸಿದರೆ ಹಾಳೆ ಸೀರೆಯ ಸೆರಗಿನ ಹಾಗೆ ಉದ್ದಕ್ಕೆ ಬರುತ್ತಿತ್ತು. ನಾನು ಬಿಡಿಸಿದರೆ ಚೂರುಚೂರಾಗಿ ಉದುರುತ್ತಿತ್ತು.

"ಕತ್ತಿ ಓಡಿಸಬೇಡಿ. ಕತ್ತಿ ಸುಮ್ನಿರ್ಲಿ, ಬೆಂಡು ಉರುಳ್ಲಿ. ಎಂತ ಅವಸರ? ಹಿಂದಿಂದ ಎತ್ತು ಬರ್ತಾ ಉಂಟಾ?"

ಹೀಗೆ ಬೈಯುತ್ತಿದ್ದರು. ಅದರ ಬಗ್ಗೆ ಒಂದು ಮಾತು ಹೇಳಬೇಕು. ಐವತ್ತರ ಹತ್ತಿರ ಬಂದ ಮನುಷ್ಯನನ್ನು ಯಾರೂ ಬೈಯುವುದಿಲ್ಲ. ನೀವೂ ಆ ವಯಸ್ಸಿನವರಾದರೆ ಗಮನಿಸಿರುತ್ತೀರಿ. ತಪ್ಪು ಮಾಡಿದರೆ ಚಿಕ್ಕವರು ಸುಮ್ಮನಾಗುತ್ತಾರೆ, ಸಮವಯಸ್ಕರು ನಕ್ಕು ಬೇರೆ ಮಾತು ತೆಗೆಯುತ್ತಾರೆ. ಇನ್ನು ಇವನು ತಿದ್ದಿಕೊಂಡರೂ ಎಷ್ಟು ದಿನ ಎಂಬ ಲೆಕ್ಕಾಚಾರವೋ ಏನೋ. ಸುಶೀಲಮ್ಮ ನನ್ನನ್ನು ಒಂಬತ್ತು ವರ್ಷದವನನ್ನು ಬೈದಂತೆ ಬೈದರು. ಅಂದರೆ ಇವನು ಕಲಿಯುತ್ತಾನೆ ಎಂದು ಅವರು ನಂಬಿದ್ದರು. ಬೈಸಿಕೊಂಡು ಮನೆಗೆ ಬರುವಾಗ ನನ್ನ ನಡಿಗೆ ಹಗುರವಾಗಿರುತ್ತಿತ್ತು. ಗಿರಿಜಾ ಅನುಮಾನದಿಂದ, "ಅಲ್ಲಿ ಕಾಫಿ ಗೀಫಿ ಕೊಡ್ತಾರಾ?" ಎಂದು ಕೇಳಿದ್ದಳು.

ಎರಡು ತಿಂಗಳಿಗೆ ಹಾಳೆ ಬರಲು ಶುರುವಾಯಿತು. ನಾಲ್ಕು ತಿಂಗಳಿಗೆ ಒಂದು ಹೂ. ಅದನ್ನು ಅಂಗೈ ಮೇಲಿಟ್ಟು ಸುಶೀಲಮ್ಮ ಬಹಳ ಹೊತ್ತು ನೋಡಿದರು. ನನಗೆ ಎಲೆಕೋಸಿನ ಮೇಷ್ಟ್ರ ನೆನಪಾಗಿ ಬೆವರು ಬಂತು. "ಹಿಂದಿನ ಸಾಲಿಗೆ ಆಗ್ತದೆ, ಮುಂದಿನ ಸಾಲಿಗೆ ಬೇಡ" ಅಂದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಯಾರೂ ನನಗೆ ಇಂಥ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ಅವತ್ತು ರಾತ್ರಿಯ ಊಟವನ್ನು ಕೈಯಲ್ಲೇ ಕಲಸಿ ಉಂಡೆ. ಗಿರಿಜಾ ನೋಡಿಯೂ ನೋಡದ ಹಾಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಆ ಬೇಸಿಗೆಯಲ್ಲಿ ಕುಬಟೂರಿನ ಒಂದು ಮದುವೆಗೆ ಜೋಡಿ ಬಾಸಿಂಗ ಬೇಕೆಂದು ಹೇಳಿಹೋಗಿದ್ದರು. ಅಷ್ಟರಲ್ಲಿ ಸುಶೀಲಮ್ಮನವರ ಕಣ್ಣಿನ ಪೊರೆ ತೆಗೆಯುವ ದಿನ ಗೊತ್ತಾಯಿತು. ಮುಂದೂಡಿದರೆ ಮಳೆಗಾಲದ ಆಚೆಗೆ ಹೋಗುತ್ತಿತ್ತು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಮನೆಗೆ ಬಂದರು. ಮದುವೆಗೆ ಎಂಟು ದಿನ ಉಳಿದಿತ್ತು.

"ಬೇರೆ ಯಾರಿಗಾದ್ರೂ ವಹಿಸೋಣಮ್ಮ" ಅಂದೆ.

"ಯಾರಿಗೆ? ನೀವು ಮಾಡಿ."

"ನನ್ನ ಹೂ ಹಿಂದಿನ ಸಾಲಿನದು."

"ಈಗ ಮುಂದಿನ ಸಾಲಿಗೆ ಬರ್ಲಿ. ಮದುವೆ ನಿಲ್ಸೋಕಾಗ್ತದಾ ನಿಮ್ಮ ಹೂವಿಗೋಸ್ಕರ?"

ಎಂಟು ದಿನ ಸಂಜೆಯೆಲ್ಲ ಅವರ ಜಗಲಿಯಲ್ಲೇ. ರಟ್ಟು ಕತ್ತರಿಸಿ, ಮಿರುಗುವ ಬೇಗಡೆ ಹಾಳೆ ಹಚ್ಚಿ, ಮೈದಾ ಅಂಟು ಕಾಸಿ, ಕನ್ನಡಿ ಚೂರು ಕೂರಿಸಿ. ಸುಶೀಲಮ್ಮ ಕಟ್ಟಿದ ಕಣ್ಣಿನಲ್ಲೇ ಬೆರಳಾಡಿಸಿ, "ಇಲ್ಲಿ ದಪ್ಪ ಆಯ್ತು, ಬಿಚ್ಚಿ" ಅನ್ನುತ್ತಿದ್ದರು. ಮೂರು ಸಲ ಬಿಚ್ಚಿದೆ. ಆರನೇ ದಿನ ಗಿರಿಜಾ ತಾನಾಗಿಯೇ ಬಂದು ಕೂತು ದಾರ ಹಿಡಿದಳು. "ನನ್ನ ಮದುವೇಲಿ ನಿಮ್ಮ ಬಾಸಿಂಗ ಹೆಂಗೆ ಜಾರಿತ್ತು ಅಂತ ನನಗೆ ಗೊತ್ತಲ್ಲ. ದಾರದ ಗಂಟು ಇಲ್ಲಿ ಬರ್ಬಾರ್ದು, ಇನ್ನೂ ಮೇಲೆ ಬರ್ಬೇಕು" ಎಂದು ತೋರಿಸಿದಳು. ಅವಳಿಗೂ ನಾನು ಅರ್ಧವೇ ಕಂಡಿದ್ದೆನೆಂದು ನನಗೆ ಅವತ್ತು ತಿಳಿಯಿತು.

ಬಸ್ಸಿನಲ್ಲಿ ಬುಟ್ಟಿಯನ್ನು ಎದೆಗಪ್ಪಿ ನಿಂತಿದ್ದೆ. ಕಂಡಕ್ಟರು ಇಣುಕಿ ನೋಡಿ, "ಬಾಸಿಂಗ ಐತ್ರಪ್ಪ, ಒಬ್ರು ಎದ್ದು ಸೀಟು ಕೊಡ್ರಿ" ಎಂದು ಕೂಗಿದರು. ಮೂವರು ಎದ್ದರು. ದನದ ಡಾಕ್ಟರಾಗಿ ನನಗೆ ಬಸ್ಸಿನಲ್ಲಿ ಯಾರೂ ಸೀಟು ಕೊಟ್ಟವರಿಲ್ಲ, ನಾನು ಕೂತರೆ ಪಕ್ಕದವರು ಏಳುತ್ತಿದ್ದರು. ಮದುವೆ ಮನೆಯ ಚಪ್ಪರದಲ್ಲಿ ಹುಡುಗಿಯ ಅಜ್ಜ ನನ್ನ ಗುರುತು ಹಿಡಿದರು. ಅವರ ಎಮ್ಮೆಗೆ ಹಿಂದೆ ಔಷಧಿ ಹಾಕಿದ್ದೆ.

"ಎಂತ ಡಾಕ್ಟ್ರೇ, ಮದಿಮಗನಿಗೂ ಚುಚ್ಚಿ ಹೋಗುವಾ ಅಂತ ಬಂದ್ರಾ?"

"ಇಲ್ಲ ಅಜ್ಜಾರೆ, ಬಾಸಿಂಗ ತಂದೆ."

"ಯಾರು ಕಟ್ಟಿದ್ದು?"

ಸುಶೀಲಮ್ಮ ಎಂದುಬಿಡೋಣ ಅನಿಸಿತು. ಬಾಯಿ ಮಾತ್ರ "ನಾನೇ" ಅಂದಿತು.

ಅವರು ಬುಟ್ಟಿಯೊಳಗೆ ನೋಡಿದರು, ನನ್ನನ್ನು ನೋಡಿದರು, "ಕೈ ತೊಳ್ಕಂಡಿದ್ರಷ್ಟೇ?" ಅಂದರು. ಚಪ್ಪರವೆಲ್ಲ ನಕ್ಕಿತು. ಆದರೆ ಮುಹೂರ್ತಕ್ಕೆ ಕಟ್ಟಿದಾಗ ಎರಡೂ ಬಾಸಿಂಗ ಜಾರದೆ ಕೂತವು. ಗಂಡಿನದು ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು, ಅದು ಗೊತ್ತಿದ್ದವನು ನಾನೊಬ್ಬನೇ. ಅಕ್ಷತೆ ಬೀಳುವಾಗ ನಾನು ಕಂಬದ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಬೇರೆಯವರ ಮನೆಯ ಹುಡುಗಿ ಗಂಡನ ಮನೆಗೆ ಹೋಗುವುದಕ್ಕೆ ಈ ಮನುಷ್ಯ ಯಾಕೆ ಅಳುತ್ತಾನೆ ಎಂದು ಅಡುಗೆಯವರು ನೋಡುತ್ತಿದ್ದರು.

ಆ ಮದುವೆಯ ಫೋಟೋಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ ನಮ್ಮೂರು ಮುಟ್ಟಿದವು. ವಾರದೊಳಗೆ ಅಣ್ಣನ ಫೋನು ಬಂತು. ಅಣ್ಣ ಬಸವರಾಜ ಊರಲ್ಲೇ ಇದ್ದಾನೆ, ಈಗಲೂ ಕುರಿ ಸಾಕುತ್ತಾನೆ, ಜೊತೆಗೆ ಮೂರೆಕರೆ ಗದ್ದೆ ಮಾಡುತ್ತಾನೆ. ಅವನು ಫೋನಿನಲ್ಲಿ ಎಂದೂ ಹೆಚ್ಚು ಮಾತಾಡುವವನಲ್ಲ.

"ಏನಲೇ ತಮ್ಮಾ, ಬಾಸಿಂಗ ಕಟ್ಟಾಕ ಹತ್ತೀಯಂತೆ?"

"ಹ್ಞೂಂ ಅಣ್ಣ. ಕೈ ಸರಿಯಾಗ್ಲಿ ಅಂತ..."

"ಹೆಣ್ಮಕ್ಳು ಕುಂತು ಮಾಡೋ ಕೆಲಸ ಅದು. ಊರಾಗೆ ನಗಾಡ್ತಾರೆ. ನಾನು ಸಾಲಿ ಬಿಟ್ಟಿದ್ದು ನೀನು ಡಾಕ್ಟ್ರಾಗ್ಲಿ ಅಂತ. ಹೂವಾ ಮಾಡ್ಲಿ ಅಂತಲ್ಲ."

ಫೋನು ಇಟ್ಟುಬಿಟ್ಟ. ಅವನು ಹೇಳಿದ್ದು ಸುಳ್ಳಲ್ಲ. ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡಾಗ ಅಣ್ಣ ಏಳನೇ ಕ್ಲಾಸು, ನಾನು ನಾಲ್ಕು. ಕುರಿ ಹಿಂದೆ ಯಾರಾದರೊಬ್ಬ ಹೋಗಲೇಬೇಕಿತ್ತು. ಕ್ಲಾಸಿನಲ್ಲಿ ಮೊದಲು ಬರುತ್ತಿದ್ದವನು ಅವನು. ಮರುದಿನ ಬೆಳಿಗ್ಗೆ ತನ್ನ ಪಾಟಿ ಚೀಲವನ್ನು ನನ್ನ ಹೆಗಲಿಗೆ ಹಾಕಿ, ಕಂಬಳಿ ಹೊದ್ದು ಹೊರಟುಹೋದ. ಈ ವಿಷಯವನ್ನು ಅವನು ಅದುವರೆಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅದಕ್ಕೇ ಅಷ್ಟು ನೋವಾಯಿತು.

ಹತ್ತು ದಿನ ಜಗಲಿಗೆ ಹೋಗಲಿಲ್ಲ. ಹನ್ನೊಂದನೇ ದಿನ ಸುಶೀಲಮ್ಮನೇ ಬಾಗಿಲಿಗೆ ಬಂದರು. ಗಿರಿಜಾ ಎಲ್ಲ ಹೇಳಿದ್ದಳೆಂದು ಕಾಣುತ್ತದೆ.

"ನಿಮ್ಮಣ್ಣ ಹೇಳಿದ್ದು ಸರಿ ಅಂತ ನಿಮಗೂ ಅನ್ಸಿದ್ರೆ ಬರಬೇಡಿ. ಬರೀ ಬೇಜಾರಾಗಿದ್ರೆ ಬನ್ನಿ. ಬೇಜಾರಲ್ಲಿ ಬೆಂಡು ಚೆನ್ನಾಗಿ ಬರ್ತದೆ, ಕೈ ನಿಧಾನ ಇರ್ತದೆ."

ಹೋದೆ. ಆದರೆ ಹೂ ಕಟ್ಟಲು ಮನಸ್ಸಾಗಲಿಲ್ಲ. ಉಳಿದ ತುಂಡುಗಳನ್ನು ಹಿಡಿದು ಕುರಿ ಮಾಡತೊಡಗಿದೆ. ಮೊದಲನೆಯದನ್ನು ನೋಡಿ ಸುಶೀಲಮ್ಮ, "ನಾಯಿ ಲಾಯ್ಕಾಗ್ಯದೆ" ಅಂದರು. ಎರಡನೆಯದಕ್ಕೆ ಫೋನಿನಲ್ಲಿ ಕುರಿಯ ಫೋಟೋ ಹುಡುಕಿ ಎದುರಿಗಿಟ್ಟುಕೊಂಡೆ. ಅದು ಇನ್ನಷ್ಟು ನಾಯಿಯಾಯಿತು. ಅವರು ಫೋನು ಕಿತ್ತು ಆಚೆ ಇಟ್ಟರು.

"ದನದ ಹೊಟ್ಟೆಯೊಳಗೆ ನೀವು ನೋಡಿ ಹೇಳ್ತಿದ್ರಾ, ಮುಟ್ಟಿ ಹೇಳ್ತಿದ್ರಾ?"

"ಮುಟ್ಟಿ."

"ಮತ್ತೆ? ಕಣ್ಣು ಮುಚ್ಚಿ ಮಾಡಿ."

ಕಣ್ಣು ಮುಚ್ಚಿದೆ. ಬೆನ್ನಿನ ಮೇಲೆ ಬೆರಳು ಓಡಿತು. ಇಲ್ಲಿ ತಗ್ಗು, ಇಲ್ಲಿ ಮೂಳೆ, ಇಲ್ಲಿ ಹೊಟ್ಟೆ ಜೋಲುತ್ತದೆ. ನಾನು ಹೇಳಿಕೊಡದಿದ್ದರೂ ಬೆರಳಿಗೆ ಗೊತ್ತಿತ್ತು. ಮೂರನೆಯದು ಕುರಿಯಾಯಿತು. ಆಮೇಲೆ ನಿಲ್ಲಿಸಲಾಗಲಿಲ್ಲ. ಮಲಗಿದ ಕುರಿ, ಮೇಯುವ ಕುರಿ, ಮೈ ತುರಿಸಿಕೊಳ್ಳುವ ಕುರಿ ಎಂದು ನಮ್ಮ ಮನೆಯ ಕಿಟಕಿ ಕಟ್ಟೆಯ ಮೇಲೆ ಒಂದು ಹಿಂಡೇ ನಿಂತಿತು. ದೀಪಾವಳಿ ಹೊತ್ತಿಗೆ ನಾನು ಮತ್ತೆ ಹಳ್ಳಿಗಳಿಗೆ ಹೋಗತೊಡಗಿದ್ದೆ. ಕುಪ್ಪಗಡ್ಡೆಯ ಆ ಹಸುವಿನ ಪಕ್ಕದಲ್ಲಿ ಅದರ ಹೆಣ್ಣುಗರು ಕುಣಿಯುತ್ತಿತ್ತು. ನಾನು ಹಸುವಿನ ಬೆನ್ನು ತಟ್ಟಿ ಮನಸ್ಸಿನಲ್ಲೇ ಕೈಮುಗಿದೆ. ಈ ಸಲ ಗಳದ ಮೇಲೆ ಕೈ ಇಡಲಿಲ್ಲ.

ಅಣ್ಣ ಬಂದದ್ದು ಅದಾಗಿ ಒಂದು ಭಾನುವಾರ. ಸೊರಬದಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು, ಮುಗಿಸಿಕೊಂಡು ಮಧ್ಯಾಹ್ನ ನಮ್ಮಲ್ಲಿಗೆ ಬಂದ. ಫೋನಿನ ನಂತರ ನಾವು ಮಾತಾಡಿರಲಿಲ್ಲ. ಮಳೆ, ಭತ್ತ, ಕುರಿಗೆ ಬಂದ ಕಾಲುಬಾಯಿ ಜ್ವರ ಎಂದು ಒಂದಿಷ್ಟು ಮಾತು ನಡೆದು ನಿಂತಿತು. ಅಣ್ಣ ಬೇಸರಕ್ಕೆ ಎದ್ದು ಕಿಟಕಿಯ ಹತ್ತಿರ ಹೋದ. ಬಹಳ ಹೊತ್ತು ಅವನ ಬೆನ್ನೇ ಕಾಣುತ್ತಿತ್ತು. ಆಮೇಲೆ ತಿರುಗಿದ. ಅವನ ದೊಡ್ಡ ಅಂಗೈ ಮೇಲೆ ಒಂದು ಕುರಿ ನಿಂತಿತ್ತು.

"ಇದು ಮೋಟಿ ಅಲ್ಲೇನಲೇ?"

"ಯಾವ ಮೋಟಿ?"

"ಅಪ್ಪ ಹೋದ ವರ್ಷ ನಮ್ಮ ಹಿಂಡಿನಾಗೆ ಮುಂದೆ ನಡೀತಿತ್ತಲ್ಲ. ನಾಯಿ ಕಿವಿ ಹರಿದಿತ್ತು. ನಾನು ಸಾಲಿ ಬಿಟ್ಟು ಹೋದಾಗ ನನಗೆ ದಾರಿ ಎಲ್ಲಿ ಗೊತ್ತಿತ್ತು? ಅದೇ ಕರಕೊಂಡು ಹೋಗ್ತಿತ್ತು. ನಾಕು ಹೆಜ್ಜೆ ನಡದು ಹಿಂಗ ಹೊಳ್ಳಿ ನೋಡ್ತಿತ್ತು, ನಾನು ಬರಾಕ ಹತ್ತೀನೋ ಇಲ್ಲೋ ಅಂತ."

ನಾನು ಆ ಕುರಿಯನ್ನು ನೋಡಿದೆ. ಒಂದು ಕಿವಿ ಮೋಟು. ಕುತ್ತಿಗೆ ಹಿಂದಕ್ಕೆ ಹೊರಳಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅಣ್ಣ, ಆ ಕಿವಿ ಮಾಡೋವಾಗ ಮುರಿದುಹೋಯ್ತು. ಬೆಂಡು ಒಣಗಿತ್ತು. ನಾನು ಮೋಟಿನ್ನ ನೆನಸ್ಕೊಂಡು ಮಾಡಿದ್ದಲ್ಲ."

ಅಣ್ಣ ಕುರಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ.

"ಕಿವಿ ಮುರಿದಿರಬೋದು. ಕುತ್ತಿಗೆ? ಅದೂ ಮುರೀತೇನು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು, ಗಿರಿಜಾ ಕೇಳಿಸಿಕೊಳ್ಳುತ್ತಿದ್ದಳು. ಅಣ್ಣ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ. ಮೋಟಿಯನ್ನು ಎದುರಿಗೆ ನಿಲ್ಲಿಸಿದ. ಅದರ ಹಿಂದೆ ಒಂದು ಗೇಣು ಜಾಗ ಅಳೆದು ಬೆರಳಿಟ್ಟು ತೋರಿಸಿದ.

"ಇಲ್ಲಿ ನನ್ನ ಮಾಡು. ಕಂಬಳಿ ಹೊದ್ದಿರಬೇಕು. ಸಣ್ಣಾವ ಇದ್ದೆ ಆವಾಗ, ಭಾಳ ಎತ್ತರ ಮಾಡಬ್ಯಾಡ."

ನಾನು ಬೆಂಡಿನ ಕೋಲು ತಂದು ಕತ್ತಿ ಕೈಗೆ ತೆಗೆದುಕೊಂಡೆ. ಅಣ್ಣ ನಾಲ್ಕು ಗಂಟೆಯ ಬಸ್ಸಿಗೆ ಹೋಗಬೇಕಾದವನು ಹೋಗಲಿಲ್ಲ. ಕಂಬಳಿಯ ಮಡಿಕೆ ಹೇಗೆ ಬೀಳುತ್ತದೆಂದು ತನ್ನ ಟವೆಲನ್ನೇ ತಲೆಯ ಮೇಲೆ ಹೊದ್ದು ತೋರಿಸುತ್ತ, ಕತ್ತಲಾಗುವವರೆಗೂ ಅಲ್ಲಾಡದೆ ಕೂತಿದ್ದ.